ಮನೆ ಹಿತ್ತಲಲ್ಲಿ ಬೇಟೆಯ ಗಿಡುಗ ಸಾಕಬಹುದಾ? ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನಲ್ಲಿ, ಸಾಲು ಮನೆಗಳಿರುವ ಬಡಾವಣೆಯಲ್ಲೇ ನಾನು ಕೆಂಪು ಬಾಲದ ಗಿಡುಗವನ್ನು ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ರೆಡ್‌ಟೇಲ್ಡ್ ಹಾಕ್ ಅಂತಾರಲ್ಲ, ಅದೇ. ಕನ್ನಡ ಕೂಟದ ಊಟದ ಸಾಲಿನಲ್ಲಿ ವಿಷಯ ಗೊತ್ತಾದರೆ ಸಾಕು, ಪ್ರಶ್ನೆಗಳು ಶುರು. ಅದರಲ್ಲಿ ಮುಕ್ಕಾಲು ಪಾಲು ಕಾನೂನಿನದ್ದೇ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಹಾಕಿದ್ದೇನೆ. ನಿಯಮಗಳು ಮುಖ್ಯವಾಗಿ ಅಮೆರಿಕದವು. ಕರ್ನಾಟಕದ ಬಗ್ಗೆ ಕೇಳುವವರಿಗೂ ಕೊನೆಯ ಹೊತ್ತಿಗೆ ಉತ್ತರವಿದೆ.

ಕಾಡಿನ ಗಿಡುಗ ಸಾಕುವುದು ಅಪರಾಧ ಅಲ್ವಾ?

ಲೈಸೆನ್ಸ್ ಇಲ್ಲದೆ ಸಾಕಿದರೆ ಖಂಡಿತ ಅಪರಾಧ. ಅಮೆರಿಕದಲ್ಲಿ 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಆಕ್ಟ್ ಅನ್ನುವ ಕಾಯ್ದೆ ಇದೆ. ಗಿಡುಗ, ಡೇಗೆ (ಫಾಲ್ಕನ್), ಗೂಬೆಗಳೆಲ್ಲ 1972ರಲ್ಲಿ ಅದರ ರಕ್ಷಣೆಗೆ ಬಂದವು. ಹಿಡಿಯುವುದು, ಸಾಕುವುದು, ಮಾರುವುದು ಎಲ್ಲಕ್ಕೂ ತಡೆ. ದಾರಿಯಲ್ಲಿ ಬಿದ್ದ ಗರಿಯನ್ನು ಮನೆಗೆ ತಂದಿಟ್ಟುಕೊಳ್ಳುವುದೂ ತಪ್ಪು.

ಈ ತಡೆಯ ನಡುವೆ ಬಿಟ್ಟಿರುವ ಒಂದು ಬಾಗಿಲೇ ಫಾಲ್ಕನ್ರಿ, ಅಂದರೆ ಪಳಗಿಸಿದ ಹಕ್ಕಿಯಿಂದ ಬೇಟೆಯಾಡಿಸುವುದು. ಮೊದಲು ಕೇಂದ್ರದ್ದೂ ರಾಜ್ಯದ್ದೂ ಎರಡು ಪರ್ಮಿಟ್ ಬೇಕಿತ್ತು. 2014ರ ಜನವರಿ 1ರಿಂದ ಕೇಂದ್ರದ ಪರ್ಮಿಟ್ ನಿಂತಿದೆ, ಈಗ ರಾಜ್ಯವೇ ಕೊಡುತ್ತದೆ. ಆದರೆ ಕೇಂದ್ರದ ವನ್ಯಜೀವಿ ಇಲಾಖೆಯಾದ ಫಿಶ್ ಅಂಡ್ ವೈಲ್ಡ್‌ಲೈಫ್ ಸರ್ವಿಸ್ ಹಾಕಿಕೊಟ್ಟ ನಿಯಮಗಳಿಗಿಂತ ಸಡಿಲ ಮಾಡುವ ಹಾಗಿಲ್ಲ, ಬಿಗಿ ಮಾಡಬಹುದು. ಹವಾಯಿ ಬಿಟ್ಟು ಉಳಿದ 49 ರಾಜ್ಯಗಳಲ್ಲಿ ಅವಕಾಶವಿದೆ.

ರಾಜ್ಯ ಲೈಸೆನ್ಸ್ ಕೊಟ್ಟ ಮೇಲೆ ಸಿಟಿಯವರದ್ದೇನು ತಕರಾರು?

ಜನ ಎಡವುವುದು ಇಲ್ಲೇ. ಲೈಸೆನ್ಸಿನ ಪರೀಕ್ಷೆಗೆ ಓದುತ್ತಾರೆ, ಕಲಿಸಿಕೊಡುವ ಗುರು ಹುಡುಕುತ್ತಾರೆ, ಹಿತ್ತಲಲ್ಲಿ ಶೆಡ್ಡು ಕಟ್ಟುತ್ತಾರೆ. ಸಿಟಿಯ ನಿಯಮ ನೋಡುವುದು ಎಲ್ಲಕ್ಕಿಂತ ಕೊನೆಗೆ. ನಾನು ಹೇಳುವುದು, ಅದನ್ನೇ ಮೊದಲು ನೋಡಿ.

ರಾಜ್ಯದ ಲೈಸೆನ್ಸು ನಿಮಗೆ ಹಕ್ಕಿ ಇಟ್ಟುಕೊಳ್ಳುವ ಅರ್ಹತೆ ಇದೆ ಅನ್ನುತ್ತದೆ. ಈ ಜಾಗದಲ್ಲಿ ಇಟ್ಟುಕೊಳ್ಳಬಹುದು ಅನ್ನಬೇಕಾದದ್ದು ಸಿಟಿ ಅಥವಾ ಕೌಂಟಿ. ಒಂದಿದ್ದರೆ ಇನ್ನೊಂದು ತಾನಾಗಿಯೇ ಬರುವುದಿಲ್ಲ. ನ್ಯೂಯಾರ್ಕನ್ನೇ ನೋಡಿ. ನ್ಯೂಯಾರ್ಕ್ ರಾಜ್ಯ ಫಾಲ್ಕನ್ರಿ ಲೈಸೆನ್ಸ್ ಕೊಡುತ್ತದೆ. ಆದರೆ ನ್ಯೂಯಾರ್ಕ್ ನಗರದ ಹೆಲ್ತ್ ಕೋಡಿನ 161ನೇ ಅಧ್ಯಾಯದಲ್ಲಿ ಮನೆಯಲ್ಲಿ ಇಡಬಾರದ ಪ್ರಾಣಿಗಳ ಪಟ್ಟಿ ಇದೆ. ಹದ್ದು, ಗಿಡುಗ, ಡೇಗೆ, ಗೂಬೆ, ರಣಹದ್ದು ಎಲ್ಲವನ್ನೂ ಹೆಸರು ಹಿಡಿದೇ ಬರೆದಿದ್ದಾರೆ. ಅದೇ ಪಟ್ಟಿಯಲ್ಲಿ ಎಮು, ಉಷ್ಟ್ರಪಕ್ಷಿಯೂ ಇವೆ. ಹಾಗಾಗಿ ಆ ನಗರದ ಕ್ವೀನ್ಸ್‌ನಲ್ಲಿ ದೊಡ್ಡ ಹಿತ್ತಲಿರುವ ಮನೆ ಇದ್ದರೂ ಗಿಡುಗ ಇಡುವಂತಿಲ್ಲ. ನಗರದ ಗಡಿ ದಾಟಿದರೆ ಬೇರೆ ಊರು, ಬೇರೆ ನಿಯಮ.

ನಮ್ಮ ಸಿಟಿಯ ನಿಯಮ ಎಲ್ಲಿ ಹುಡುಕೋದು?

ಬಹುಪಾಲು ಸಿಟಿಗಳ ಮುನಿಸಿಪಲ್ ಕೋಡು ಆನ್‌ಲೈನಿನಲ್ಲೇ ಇರುತ್ತದೆ. 'ಫಾಲ್ಕನ್ರಿ' ಅಂತ ಹುಡುಕಿ, ಏನೂ ಸಿಗಲಿಲ್ಲ ಅಂತ ಖುಷಿಪಟ್ಟು ಬಿಟ್ಟುಬಿಡಬೇಡಿ. ಸಾಕಷ್ಟು ಊರುಗಳ ಕೋಡಿನಲ್ಲಿ ಆ ಪದವೇ ಇರುವುದಿಲ್ಲ. ನಿಮಗೆ ತಾಗುವ ನಿಯಮ ಬೇರೆ ಹೆಸರಿನಲ್ಲಿ ಕೂತಿರುತ್ತದೆ.

ಮೊದಲು ಪ್ರಾಣಿಗಳ ಅಧ್ಯಾಯಕ್ಕೆ ಹೋಗಿ, ವ್ಯಾಖ್ಯೆಗಳ ಪುಟ ಓದಿ. ಕಾಡುಪ್ರಾಣಿ, ವಿದೇಶಿ ಪ್ರಾಣಿ, ಅಪಾಯಕಾರಿ ಪ್ರಾಣಿ ಅಂದರೆ ಏನು ಅಂತ ಅಲ್ಲಿ ಬರೆದಿರುತ್ತಾರೆ. 'ಸಹಜವಾಗಿ ಕಾಡಿನಲ್ಲಿ ಇರುವ ಯಾವುದೇ ಪ್ರಾಣಿ' ಅನ್ನುವ ಒಂದು ಸಾಲು ಸಾಕು, ನಿಮ್ಮ ಗಿಡುಗ ಅದರೊಳಗೆ ಬಂತು. ಅದರ ಕೆಳಗೆ ವಿನಾಯಿತಿಗಳಿರುತ್ತವೆ, ಅವನ್ನೂ ಬಿಡದೆ ಓದಿ. 'ರಾಜ್ಯದ ಅಥವಾ ಕೇಂದ್ರದ ಪರ್ಮಿಟ್ ಇರುವವರಿಗೆ ಅನ್ವಯಿಸದು' ಅಂತ ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಆಮೇಲೆ ಝೋನಿಂಗ್ ಅಧ್ಯಾಯ. ವಾಸದ ಮನೆಗಳ ವಲಯದಲ್ಲಿ ಯಾವ ಪ್ರಾಣಿ ಎಷ್ಟು ಅಂತ ಇಲ್ಲಿ ಬೇರೆಯೇ ಲೆಕ್ಕ ಇರುತ್ತದೆ. ಕೋಳಿ, ಪಾರಿವಾಳ ಸಾಕುವವರಿಗೆ ಬರೆದ ನಿಯಮವನ್ನೇ ಕೆಲವು ಕಡೆ ಎಲ್ಲಾ ಹಕ್ಕಿಗಳಿಗೂ ಹಚ್ಚುತ್ತಾರೆ. ಗೂಡು ಪಕ್ಕದ ಮನೆಯ ಗೋಡೆಯಿಂದ ಇಂತಿಷ್ಟು ಅಡಿ ದೂರ ಇರಬೇಕು ಅನ್ನುವ ಷರತ್ತು ಸಿಗುವುದು ಇಲ್ಲೇ. ಹಿತ್ತಲಿನ ಶೆಡ್ಡುಗಳ ಎತ್ತರ, ಬೇಲಿಯಿಂದ ದೂರ ಇವುಗಳ ನಿಯಮವನ್ನೂ ನೋಡಿಕೊಳ್ಳಿ.

ಕೊನೆಗೆ ಪಾರ್ಕು ಮತ್ತು ಬೇಟೆಯ ಅಧ್ಯಾಯ. ಸಿಟಿ ಗಡಿಯೊಳಗೆ ಬೇಟೆ ನಿಷೇಧ ಅಂತ ಇದ್ದರೆ, ಹಕ್ಕಿ ಮನೆಯಲ್ಲಿರಬಹುದು, ಆದರೆ ಅಲ್ಲಿ ಬೇಟೆಗೆ ಬಿಡುವಂತಿಲ್ಲ.

ಸಿಟಿ ಆಫೀಸಿಗೆ ಫೋನ್ ಮಾಡಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಏನು ಮಾಡೋದು?

ಫೋನಿನಲ್ಲಿ ಕೇಳಬೇಡಿ, ಬರೆದು ಕೇಳಿ. ಕೌಂಟರಿನಲ್ಲಿ ಕೂತವರಿಗೆ ಈ ಪ್ರಶ್ನೆ ಹೊಸದು. ಅನುಮಾನ ಬಂದರೆ ಯಾರೇ ಆಗಲಿ 'ಇಲ್ಲ' ಅಂತಲೇ ಹೇಳುತ್ತಾರೆ. ಅದು ಅವರ ತಪ್ಪಲ್ಲ.

ಪ್ಲಾನಿಂಗ್ ವಿಭಾಗಕ್ಕೂ ಅನಿಮಲ್ ಕಂಟ್ರೋಲಿಗೂ ಒಂದೇ ಇಮೇಲ್ ಹಾಕಿ. ನಿಮ್ಮ ವಿಳಾಸ, ವಲಯ, ಒಂದೇ ಹಕ್ಕಿ ಅನ್ನುವುದು, ಶೆಡ್ಡಿನ ಅಳತೆ, ಬೇಲಿಯಿಂದ ದೂರ, ರಾಜ್ಯದ ಲೈಸೆನ್ಸಿನ ವಿಷಯ ಎಲ್ಲ ಅದರಲ್ಲಿರಲಿ. ನೀವು ಓದಿದ ಸೆಕ್ಷನ್ನಿನ ನಂಬರು ಹಾಕಿ, 'ಇದು ನಮಗೆ ಅನ್ವಯಿಸುತ್ತದೆಯೇ' ಅಂತ ಕೇಳಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ನಾಲ್ಕು ವರ್ಷದ ನಂತರ ಪಕ್ಕದ ಮನೆಗೆ ಹೊಸಬರು ಬಂದು ದೂರು ಕೊಟ್ಟಾಗ ನಿಮ್ಮ ಕೈ ಹಿಡಿಯುವುದು ಆ ಕಾಗದವೇ.

ಸಿಟಿ ಗಡಿಯ ಆಚೆ, ಕೌಂಟಿ ಜಾಗದಲ್ಲಿ ಮನೆ ಇದ್ದರೆ ಕೌಂಟಿಯ ಕೋಡು ನೋಡಬೇಕು. ಪೋಸ್ಟಲ್ ವಿಳಾಸದಲ್ಲಿ ಊರಿನ ಹೆಸರಿದೆ ಅಂದಮಾತ್ರಕ್ಕೆ ಮನೆ ಆ ಸಿಟಿಯೊಳಗಿದೆ ಅಂತ ಅಲ್ಲ.

ನಮ್ಮ ಬಡಾವಣೆಯಲ್ಲಿ ಮನೆ ಮಾಲೀಕರ ಸಂಘ, ಅಂದರೆ ಎಚ್‌ಓಎ ಇದೆ. ಅವರೂ ಬೇಡ ಅನ್ನಬಹುದಾ?

ಅನ್ನಬಹುದು. ಮನೆ ಕೊಳ್ಳುವಾಗ ಸಹಿ ಹಾಕಿದ ದಪ್ಪ ಕಾಗದದ ಕಟ್ಟಿನಲ್ಲಿ ಸಾಕುಪ್ರಾಣಿಗಳ ಬಗ್ಗೆ ಒಂದು ಪ್ಯಾರಾ ಇದ್ದೇ ಇರುತ್ತದೆ. 'ನಾಯಿ, ಬೆಕ್ಕು ಮತ್ತು ಪಂಜರದ ಹಕ್ಕಿ ಮಾತ್ರ' ಅನ್ನುವ ಸಾಲು ಸಾಮಾನ್ಯ. ಗಿಡುಗ ಪಂಜರದ ಹಕ್ಕಿ ಅಂತ ವಾದ ಮಾಡಿ ಗೆಲ್ಲುವ ಆಸೆ ಇಟ್ಟುಕೊಳ್ಳಬೇಡಿ.

ಎಚ್‌ಓಎ ಅಂದರೆ ಖಾಸಗಿ ಒಪ್ಪಂದ. ಸಿಟಿ ಒಪ್ಪಿದೆ, ರಾಜ್ಯ ಒಪ್ಪಿದೆ ಅನ್ನುವುದು ಅಲ್ಲಿ ನಡೆಯುವುದಿಲ್ಲ. ದಂಡ ಹಾಕುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ಪ್ರಾಣಿಯ ಪ್ಯಾರಾ ಜೊತೆಗೆ ಶೆಡ್ಡು ಕಟ್ಟಲು ಆರ್ಕಿಟೆಕ್ಚರ್ ಕಮಿಟಿಯ ಒಪ್ಪಿಗೆ ಬೇರೆ ಬೇಕಾಗುತ್ತದೆ. ಬಣ್ಣ, ಛಾವಣಿ, ಬೇಲಿಯಿಂದ ಮೇಲೆ ಎಷ್ಟು ಕಾಣುತ್ತದೆ, ಎಲ್ಲ ಕೇಳುತ್ತಾರೆ.

ಆದರೂ ಸುಮ್ನೆ ಹೆದರಿ ಕೂರಬೇಕಾಗಿಲ್ಲ. ಬೋರ್ಡ್ ಮೀಟಿಂಗಿಗೆ ನಿಮ್ಮ ಗುರುವನ್ನು ಕರೆದುಕೊಂಡು ಹೋಗಿ. ಹಕ್ಕಿ ತರುವ ಮೊದಲೇ ಹೋಗಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಮೊದಲು ಕೇಳಿದವರಿಗೆ ಲಿಖಿತ ಒಪ್ಪಿಗೆ ಸಿಕ್ಕಿದ್ದನ್ನು ಕಂಡಿದ್ದೇನೆ. ಕದ್ದು ಇಟ್ಟುಕೊಂಡು ಸಿಕ್ಕಿಬಿದ್ದವರಿಗೆ ಯಾರೂ ರಿಯಾಯಿತಿ ತೋರಿಸುವುದಿಲ್ಲ. ಆಗ ತೊಂದರೆ ಅನುಭವಿಸುವುದು ಹಕ್ಕಿ.

ಬಾಡಿಗೆ ಮನೆಯಲ್ಲಿದ್ದೇವೆ. ಆಗುತ್ತಾ?

ಮನೆ ಮಾಲೀಕರು ಸಹಿ ಹಾಕಿದರೆ ಆಗುತ್ತದೆ. ಜಾಗ ಬೇರೆಯವರದ್ದಾದರೆ, ವನ್ಯಜೀವಿ ಅಧಿಕಾರಿಗಳು ತಪಾಸಣೆಗೆ ಬರಬಹುದು ಎಂದು ಒಪ್ಪಿ ಮಾಲೀಕರೂ ಸಹಿ ಮಾಡಿದ ಪತ್ರ ಕೊಡಬೇಕು ಅಂತ ಕೇಂದ್ರದ ನಿಯಮದಲ್ಲೇ ಇದೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇಡುವ ಯೋಚನೆ ಮಾಡಬೇಡಿ. ಗೆಳೆಯರ ತೋಟದಲ್ಲೋ ಗುರುವಿನ ಜಾಗದಲ್ಲೋ ಶೆಡ್ಡು ಕಟ್ಟಿಕೊಳ್ಳಲು ನಿಯಮ ಬಿಡುತ್ತದೆ, ಆದರೆ ದಿನಾ ಬೆಳಿಗ್ಗೆ ಸಂಜೆ ಅಲ್ಲಿಗೆ ಓಡಬೇಕು.

ಹಕ್ಕಿಯ ಮನೆ ಹೇಗಿರಬೇಕು?

ಫಾಲ್ಕನ್ರಿಯವರು ಇದಕ್ಕೆ ಮ್ಯೂಸ್ ಅಂತಾರೆ. ಕೇಂದ್ರದ ನಿಯಮ ಇಷ್ಟೇ ಉದ್ದ, ಇಷ್ಟೇ ಅಗಲ ಅಂತ ಹೇಳುವುದಿಲ್ಲ. ಬಿಸಿಲು, ಗಾಳಿ, ಮಳೆ, ಬೇರೆ ಪ್ರಾಣಿಗಳಿಂದ ರಕ್ಷಣೆ ಇರಬೇಕು. ಕಟ್ಟದೆ ಬಿಟ್ಟರೆ ಹಾರುವಷ್ಟು ಜಾಗ ಬೇಕು. ಕಟ್ಟಿದ್ದರೆ ರೆಕ್ಕೆ ಪೂರ್ತಿ ಬಿಚ್ಚಿದಾಗಲೂ ಎಗರಿದಾಗಲೂ ಗರಿ ಯಾವುದಕ್ಕೂ ತಾಗಬಾರದು. ಕೆಂಪು ಬಾಲದ ಗಿಡುಗಕ್ಕೆ 8 ಅಡಿಗೆ 8 ಅಡಿ ಇದ್ದರೆ ಸಾಕು ಅನ್ನುವುದು ರೂಢಿ.

ಕಟ್ಟುವಾಗ ಗಮನ ಕೊಡಬೇಕಾದ್ದು ಕಿಟಕಿಗೆ. ಕೋಳಿ ಜಾಲರಿ ಹಾಕಬೇಡಿ. ಹಕ್ಕಿ ಅದಕ್ಕೆ ಉಗುರು ಸಿಕ್ಕಿಸಿ ಜೋತುಬಿದ್ದು ಬಾಲ, ರೆಕ್ಕೆಯ ಗರಿ ಮುರಿದುಕೊಳ್ಳುತ್ತದೆ. ನುಣುಪಾದ ಕಂಬಿಗಳನ್ನು ಉದ್ದಕ್ಕೆ ನಿಲ್ಲಿಸಬೇಕು, ನಡುವಿನ ಸಂದು ಹಕ್ಕಿಯ ಮೈ ತೂರದಷ್ಟು ಕಿರಿದಾಗಿರಬೇಕು. ಹೊರಗೆ ಸೊಳ್ಳೆ ಪರದೆ ಹಾಕಿ. ವೆಸ್ಟ್ ನೈಲ್ ವೈರಸ್ ಹರಡುವುದು ಸೊಳ್ಳೆಯಿಂದಲೇ, ಗಿಡುಗಗಳಿಗೆ ಅದು ಪ್ರಾಣಾಂತಕ. ಬಾಗಿಲು ಎರಡು ಇರಲಿ. ಒಂದು ಮುಚ್ಚಿದ ಮೇಲೆ ಇನ್ನೊಂದು ತೆಗೆಯುವ ಹಾಗೆ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಡಿ. ನೆಲಕ್ಕೆ ಸಣ್ಣ ಜಲ್ಲಿ ಹಾಕಿದರೆ ಹಿಕ್ಕೆ ತೊಳೆಯುವುದು ಸುಲಭ. ಕೂರುವ ಕೋಲಿಗೆ ಪ್ಲಾಸ್ಟಿಕ್ ಹುಲ್ಲಿನ ಹಾಸು ಸುತ್ತಿ. ಗಟ್ಟಿ ಮರದ ಮೇಲೆ ಒಂದೇ ಸಮ ಕೂತರೆ ಅಂಗಾಲು ಬಾತು ಹುಣ್ಣಾಗುತ್ತದೆ.

ಇದರ ಜೊತೆ ಕಾಲಿಗೆ ಕಟ್ಟುವ ಚರ್ಮದ ಪಟ್ಟಿ, ಹಗ್ಗ, ಅದು ತಿರುಚಿಕೊಳ್ಳದ ಹಾಗೆ ತಿರುಗುವ ಗಟ್ಟಿ ಸ್ವಿವೆಲ್, ಸ್ನಾನದ ತೊಟ್ಟಿ, 15 ಗ್ರಾಂ ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ತೋರಿಸುವ ತಕ್ಕಡಿ ಇರಲೇಬೇಕು. ಈ ತಕ್ಕಡಿಯ ನಿಯಮ ನನಗೆ ತುಂಬಾ ಸರಿ ಅನಿಸುತ್ತದೆ. ಗಿಡುಗ ಕಾಯಿಲೆ ಬಿದ್ದರೂ ಕೊನೆಯವರೆಗೆ ತೋರಿಸಿಕೊಳ್ಳುವುದಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವ ಹಕ್ಕಿಯ ತೂಕ ಬೆಳಿಗ್ಗೆ ಬೆಳಿಗ್ಗೆ ಇಳಿಯುತ್ತಾ ಹೋಗುವುದನ್ನು ಮೊದಲು ಹೇಳುವುದು ಆ ತಕ್ಕಡಿಯೇ.

ಶೆಡ್ಡಿಗೆ ಬಿಲ್ಡಿಂಗ್ ಪರ್ಮಿಟ್ ಬೇಕಾ?

ಕ್ಯಾಲಿಫೋರ್ನಿಯಾದಲ್ಲಿ 120 ಚದರ ಅಡಿ ಮೀರದ ಒಂದಂತಸ್ತಿನ ಬಿಡಿ ಶೆಡ್ಡಿಗೆ ಸಾಮಾನ್ಯವಾಗಿ ಬೇಡ. 8ಕ್ಕೆ 10 ಅಡಿಯ ಮ್ಯೂಸ್ ಅಂದರೆ 80 ಚದರ ಅಡಿ, ಅದರೊಳಗೇ ಬಂತು. ಲೈಟು, ಫ್ಯಾನಿಗೆ ವೈರ್ ಎಳೆದರೆ ಅದಕ್ಕೆ ಪರ್ಮಿಟ್ ಬೇಕಾಗುತ್ತದೆ. ಬೇರೆ ರಾಜ್ಯಗಳಲ್ಲಿ ಈ ಮಿತಿ ಬೇರೆ. ಪರ್ಮಿಟ್ ಬೇಡ ಅಂದರೂ ಬೇಲಿಯಿಂದ ಬಿಡಬೇಕಾದ ದೂರ ಬಿಡಲೇಬೇಕು.

ಮನೆಯೊಳಗೇ ಇಟ್ಟುಕೊಳ್ಳಬಹುದಾ?

ಕೇಂದ್ರದ ನಿಯಮ ಬೇಡ ಅನ್ನುವುದಿಲ್ಲ, ಆದರೆ ಮನೆಯೊಳಗಿದ್ದಾಗ ಹಕ್ಕಿಯನ್ನು ಕಟ್ಟಿರಬೇಕು. ಗಿಡುಗ ಹಿಕ್ಕೆ ಹಾಕುವುದು ಕೆಳಕ್ಕಲ್ಲ, ಹಿಂದಕ್ಕೆ ಚಿಮ್ಮಿಸುತ್ತದೆ. ನಾಲ್ಕೈದು ಅಡಿ ಆಚೆಗಿನ ಗೋಡೆಗೂ ಬೀಳುತ್ತದೆ. ಇದಿಷ್ಟು ತಿಳಿದ ಮೇಲೆ ನೀವೇ ತೀರ್ಮಾನ ಮಾಡಿ.

ತಪಾಸಣೆಗೆ ಯಾವಾಗ ಬರ್ತಾರೆ?

ಮೊದಲ ತಪಾಸಣೆ ಲೈಸೆನ್ಸ್ ಕೊಡುವ ಮುಂಚೆ. ಖಾಲಿ ಶೆಡ್ಡು, ಸಲಕರಣೆ ಎಲ್ಲ ನೋಡಿ ಹೋಗುತ್ತಾರೆ. ಆಮೇಲೆ ಹಗಲಿನ ಸರಿಯಾದ ವೇಳೆಯಲ್ಲಿ, ಮುಂಚೆ ತಿಳಿಸದೆಯೂ ಬರಬಹುದು. ಅದಕ್ಕೆ ಒಪ್ಪಿಗೆ ಅಂತ ಅರ್ಜಿಯಲ್ಲೇ ಸಹಿ ಹಾಕಿಸಿಕೊಳ್ಳುತ್ತಾರೆ. ವಾರಂಟ್ ಇಲ್ಲದೆ ಮನೆ ಆವರಣಕ್ಕೆ ಬರುವ ಈ ಷರತ್ತನ್ನು ಪ್ರಶ್ನಿಸಿ ಕೆಲವು ಫಾಲ್ಕನರ್‌ಗಳು ಕೋರ್ಟಿಗೆ ಹೋಗಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಯಾವ ಹೊತ್ತಿಗೆ ಬಾಗಿಲು ತೆಗೆದರೂ ತೊಟ್ಟಿಯಲ್ಲಿ ಶುದ್ಧ ನೀರಿರಬೇಕು ಅನ್ನುವ ಅಭ್ಯಾಸ ಹಕ್ಕಿಗೂ ಒಳ್ಳೆಯದೇ.

ಎಷ್ಟು ಹಕ್ಕಿ ಇಡಬಹುದು? ಯಾವುದು ಬೇಕಾದರೂ ಆಗುತ್ತಾ?

ಲೈಸೆನ್ಸಿನಲ್ಲಿ ಮೂರು ದರ್ಜೆ ಇದೆ: ಕಲಿಯುವವರದ್ದು ಅಪ್ರೆಂಟಿಸ್, ಆಮೇಲೆ ಜನರಲ್, ಕೊನೆಗೆ ಮಾಸ್ಟರ್. ಅಪ್ರೆಂಟಿಸ್‌ಗೆ ಒಂದೇ ಹಕ್ಕಿ. ಜನರಲ್ ಫಾಲ್ಕನರ್‌ಗೆ ಮೂರು. ಮಾಸ್ಟರ್‌ಗೆ ಕಾಡಿನಿಂದ ಹಿಡಿದವು ಐದರ ತನಕ. ಅಪ್ರೆಂಟಿಸ್ ಆಗಿ ಕನಿಷ್ಠ ಎರಡು ವರ್ಷ ಕಳೆಯಬೇಕು, ಮಾಸ್ಟರ್ ಆಗಲು ಜನರಲ್ ದರ್ಜೆಯಲ್ಲಿ ಐದು ವರ್ಷ. ಸಿಟಿಯವರು ಇದಕ್ಕಿಂತ ಕಡಿಮೆ ಮಿತಿ ಹಾಕಿದ್ದರೆ ಮನೆಯ ಮಟ್ಟಿಗೆ ಅದೇ ಮಿತಿ.

ಅಪ್ರೆಂಟಿಸ್ ಆದವರು ಬೋಳು ಹದ್ದು, ಬಂಗಾರದ ಹದ್ದು, ಪೆರೆಗ್ರಿನ್ ಡೇಗೆ ಮುಂತಾದವನ್ನು ಇಡುವಂತಿಲ್ಲ. ಗೂಡಿನಿಂದ ತೆಗೆದ ಮರಿಯೂ ಬೇಡ. ಮೊದಲ ಹಕ್ಕಿಯಾಗಿ ಹೆಚ್ಚಿನವರು ಹಿಡಿಯುವುದು ಹಾರಲು ಕಲಿತ, ಒಂದು ವರ್ಷ ತುಂಬದ ಕೆಂಪು ಬಾಲದ ಗಿಡುಗವನ್ನು. ಹಿಡಿಯಲು ಬಳಸುವ ಬಾಲ್ ಚತ್ರಿ ಅನ್ನುವ ಬಲೆ ಭಾರತದ ಬೇಟೆಗಾರರಿಂದ ಹೋದದ್ದು. ಹಕ್ಕಿಯ ಕಾಲಿಗೆ ಕಟ್ಟುವ ಒಂದು ಬಗೆಯ ಗೆಜ್ಜೆಗೂ ಲಾಹೋರಿನದ್ದೇ ಹೆಸರು. ಹಿಡಿದ 10 ದಿನದೊಳಗೆ ಸರ್ಕಾರಕ್ಕೆ ವರದಿ ಮಾಡಬೇಕು. ಕಾಡಿನಿಂದ ಹಿಡಿದ ಹಕ್ಕಿಯನ್ನು ಮಾರುವಂತಿಲ್ಲ.

ಮೊದಲ ಚಳಿಗಾಲ ದಾಟದೆ ಸಾಯುವ ಮರಿಗಳು ಕಾಡಿನಲ್ಲಿ ಬಹಳ. ಒಂದೆರಡು ಸೀಸನ್ ಚೆನ್ನಾಗಿ ತಿಂದು, ಬೇಟೆಯಾಡಿ ಗಟ್ಟಿಯಾದ ಹಕ್ಕಿಯನ್ನು ಮತ್ತೆ ಕಾಡಿಗೇ ಬಿಡುವವರು ತುಂಬಾ ಜನ ಇದ್ದಾರೆ.

ಮಗಳಿಗೆ 13 ವರ್ಷ. ಅವಳಿಗೆ ಆಸಕ್ತಿ ಇದೆ.

12 ತುಂಬಿದ್ದರೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. 18 ಆಗುವವರೆಗೆ ಅಪ್ಪ ಅಥವಾ ಅಮ್ಮ ಸಹಿ ಮಾಡಿ ಕಾನೂನಿನ ಹೊಣೆ ಹೊರಬೇಕು. ಪರೀಕ್ಷೆಯಲ್ಲಿ 80 ಪರ್ಸೆಂಟ್ ಬರಬೇಕು. ಜೊತೆಗೆ ಒಬ್ಬ ಗುರು ಬೇಕು: ಮಾಸ್ಟರ್ ಆಗಿರಬೇಕು, ಇಲ್ಲವೇ ಜನರಲ್ ದರ್ಜೆಯಲ್ಲಿ ಕನಿಷ್ಠ ಎರಡು ವರ್ಷ ಅನುಭವ ಇರಬೇಕು. ಒಬ್ಬರು ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಶಿಷ್ಯರನ್ನು ಇಟ್ಟುಕೊಳ್ಳುವಂತಿಲ್ಲ, ಹಾಗಾಗಿ ಗುರು ಸಿಗುವುದೇ ಕಷ್ಟದ ಕೆಲಸ. ಕ್ಯಾಲಿಫೋರ್ನಿಯಾ ಹಾಕಿಂಗ್ ಕ್ಲಬ್‌ನಂಥ ರಾಜ್ಯದ ಕ್ಲಬ್ಬಿನ ಸಭೆಗಳಿಗೆ ಮಗಳನ್ನು ಕರೆದುಕೊಂಡು ಹೋಗಿ. ಒಂದು ಸೀಸನ್ ಪೂರ್ತಿ ಬೇಟೆ ಎಬ್ಬಿಸಲು ಬೇರೆಯವರ ಹಿಂದೆ ಪೊದೆ ಬಡಿಯುತ್ತಾ ನಡೆಯಲಿ. ಆಮೇಲೂ ಆಸಕ್ತಿ ಉಳಿದರೆ ಅದು ನಿಜವಾದ ಆಸಕ್ತಿ.

ನಾವು ಸಸ್ಯಾಹಾರಿಗಳು. ಬೇಟೆ ಇಲ್ಲದೆ ಸುಮ್ನೆ ಸಾಕಿಕೊಂಡರೆ ಆಗಲ್ವಾ?

ಆಗುವುದಿಲ್ಲ. ಇದನ್ನು ಮೆತ್ತಗೆ ಹೇಳಿ ಯಾರಿಗೂ ಪ್ರಯೋಜನವಿಲ್ಲ.

ಈ ಲೈಸೆನ್ಸ್ ಇರುವುದೇ ಹಕ್ಕಿಯನ್ನು ಹಾರಿಸಿ ಬೇಟೆಯಾಡಿಸಲು. ಕ್ಯಾಲಿಫೋರ್ನಿಯಾದಲ್ಲಿ ಬೇಟೆಯ ಲೈಸೆನ್ಸೂ ಇರಬೇಕು. ಅಪ್ರೆಂಟಿಸ್ ದರ್ಜೆ ದಾಟಲು ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಹಕ್ಕಿಯನ್ನು ಪಳಗಿಸಿ, ಹಾರಿಸಿ, ಬೇಟೆಯಾಡಿಸಿದ್ದೇನೆ ಅಂತ ತೋರಿಸಬೇಕು. ಕಾನೂನು ಒಂದು ಕಡೆ ಇರಲಿ. ಆಕಾಶದಲ್ಲಿ ಹುಟ್ಟಿ ಬೆಳೆದ ಹಕ್ಕಿಯನ್ನು ಶೋಕಿಗೆ ಕೋಲಿನ ಮೇಲೆ ಕೂರಿಸಿಕೊಂಡರೆ ಅದು ಹಿಂಸೆ. ಫೋಟೋಗೆ ಗಿಡುಗ ಬೇಕು ಅನ್ನುವವರಿಗೆ ನಾನು ಗುರುವಿನ ವಿಳಾಸ ಕೊಡುವುದಿಲ್ಲ.

ಸಸ್ಯಾಹಾರಿ ಮನೆಯವರು ಫಾಲ್ಕನರ್ ಆಗಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲೇ ಮನೆಮಂದಿ ಕೂತು ಮಾತಾಡಿಕೊಳ್ಳಿ. ಹಕ್ಕಿಗೆ ಮೂಳೆ, ಚರ್ಮ, ಗರಿ ಎಲ್ಲ ಸೇರಿದ ಇಡೀ ಪ್ರಾಣಿಯೇ ಆಹಾರ. ಗೌಜಲ ಹಕ್ಕಿ, ಇಲಿ, ಒಂದು ದಿನದ ಕೋಳಿಮರಿ ಫ್ರೀಜರಿನಲ್ಲಿರುತ್ತವೆ. ನಮ್ಮಲ್ಲಿ ಗ್ಯಾರೇಜಿನಲ್ಲಿ ಅದಕ್ಕೇ ಒಂದು ಪುಟ್ಟ ಫ್ರೀಜರ್ ಇದೆ, ಕತ್ತರಿ, ಚಾಕು, ಮಣೆ ಎಲ್ಲ ಬೇರೆ. ಅಡುಗೆಮನೆಗೆ ಅದರ ಯಾವ ಸಾಮಾನೂ ಬರುವುದಿಲ್ಲ. ಅಮ್ಮ ಊರಿನಿಂದ ಬಂದಾಗ ಗ್ಯಾರೇಜಿಗೆ ಕಾಲಿಡಲಿಲ್ಲ, ಆದರೆ ಬೆಳಿಗ್ಗೆ ಹೊತ್ತು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಹಕ್ಕಿ ಸ್ನಾನ ಮಾಡುವುದನ್ನು ನೋಡುತ್ತಾ ಕೂರುತ್ತಿದ್ದರು.

ಪಕ್ಕದ ಮನೆಯ ನಾಯಿ, ಬೆಕ್ಕಿಗೆ ಅಪಾಯ ಇಲ್ವಾ?

ಕಟ್ಟಿದ ಹಕ್ಕಿಗೆ ಬೆಕ್ಕಿನಿಂದಲೇ ಅಪಾಯ ಜಾಸ್ತಿ. ಬಿಸಿಲಿಗೆ ಹೊರಗೆ ಕೂರಿಸಿದಾಗ ನಾಯಿ, ರಕೂನ್, ಬೇರೆ ಕಾಡು ಗಿಡುಗ ಯಾವುದೂ ಒಳಗೆ ಬಾರದ ಹಾಗೆ ಬಲೆ, ಬೇಲಿ ಇರಬೇಕು.

ಬಿಟ್ಟು ಹಾರಿಸುವಾಗ ಎಚ್ಚರ ಬೇಕು. ಕೆಂಪು ಬಾಲದ ಗಿಡುಗ ಸುಮಾರು ಒಂದು ಕಿಲೋ ತೂಗುತ್ತದೆ. ನಾಲ್ಕು ಕಿಲೋ ನಾಯಿಯನ್ನು ಎತ್ತಿಕೊಂಡು ಹಾರಿಹೋಗುವುದು ಅದರಿಂದ ಸಾಧ್ಯವಿಲ್ಲ. ಆದರೆ ಉಗುರಿನಿಂದ ಗಾಯ ಮಾಡಬಲ್ಲದು. ಸಣ್ಣ ನಾಯಿಗಳು ಓಡಾಡುವ ಕಡೆ ಹಾರಿಸಲೇಬೇಡಿ. ನಿಮ್ಮ ಮನೆ ಇನ್ಶೂರೆನ್ಸಿನಲ್ಲಿ ಇಂಥ ಹಾನಿ ಸೇರಿದೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ.

ಎರಡೂ ಪಕ್ಕದ ಮನೆಯವರನ್ನು ಹಕ್ಕಿ ಬರುವ ಮುಂಚೆಯೇ ಮಾತಾಡಿಸಿ. ಶೆಡ್ಡು ತೋರಿಸಿ, ನಿಮ್ಮ ಫೋನ್ ನಂಬರ್ ಕೊಡಿ. ಅವರ ಬೇಲಿಗೆ ಹಿಕ್ಕೆ ಬೀಳದ ಹಾಗೆ ಕೂರುವ ಕೋಲನ್ನು ತಿರುಗಿಸಿ ಇಡಿ. ಉಳಿದ ಮಾಂಸದ ಚೂರನ್ನು ಅವತ್ತೇ ತೆಗೆದುಬಿಡಿ, ಇಲ್ಲದಿದ್ದರೆ ನೊಣ, ಇಲಿ ಬರುತ್ತವೆ. ಸದ್ದಿನ ವಿಷಯಕ್ಕೆ ಬಂದರೆ, ಕಾಡಿನಲ್ಲಿ ಬೆಳೆದು ಆಮೇಲೆ ಸಿಕ್ಕಿದ ಹಕ್ಕಿ ಮನೆಯಲ್ಲಿ ಹೆಚ್ಚು ಕೂಗುವುದಿಲ್ಲ. ಮರಿಯಿಂದ ಮನುಷ್ಯರ ಕೈಯಲ್ಲೇ ಬೆಳೆದದ್ದು ಊಟಕ್ಕಾಗಿ ದಿನವಿಡೀ ಅರಚಬಹುದು. ಒತ್ತೊತ್ತಾಗಿ ಮನೆಗಳಿರುವ ಕಡೆ ಅಂಥದ್ದು ಬೇಡವೇ ಬೇಡ.

ಬಡಾವಣೆಯ ಪಾರ್ಕಿನಲ್ಲಿ ಹಾರಿಸಬಹುದಾ?

ಹೆಚ್ಚಿನ ಕಡೆ ಇಲ್ಲ. ಪಾರ್ಕಿನ ನಿಯಮದಲ್ಲಿ ವನ್ಯಜೀವಿಗೆ ತೊಂದರೆ ಕೊಡಬಾರದು ಅಂತ ಇರುತ್ತದೆ, ಅಲ್ಲಿನ ಮೊಲ, ಅಳಿಲು ಅದರಲ್ಲಿ ಸೇರಿದವು. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಸೀಸನ್ ಅಲ್ಲದ ಪ್ರಾಣಿಯನ್ನು ಹಕ್ಕಿ ತಾನಾಗಿ ಹಿಡಿದುಬಿಟ್ಟರೆ ಅದು ಅಲ್ಲೇ ತಿನ್ನಬಹುದು, ನೀವು ಮನೆಗೆ ತರುವಂತಿಲ್ಲ.

ಹಕ್ಕಿ ಜ್ವರದ ಭಯ ಇಲ್ವಾ?

ಇದೆ. ಎಚ್5ಎನ್1 ಸೋಂಕು 2022ರಿಂದ ಅಮೆರಿಕದ ಕಾಡುಹಕ್ಕಿಗಳಲ್ಲಿ ಹರಡಿದೆ, ಗಿಡುಗ, ಹದ್ದುಗಳೂ ಸತ್ತಿವೆ. ಕಾಡು ಬಾತುಕೋಳಿಯ ಬೇಟೆ ಆಡಿಸಬೇಡಿ, ಅದರ ಮಾಂಸವನ್ನೂ ಕೊಡಬೇಡಿ. ಪಕ್ಕದ ಮನೆಯಲ್ಲಿ ಕೋಳಿ ಇದ್ದರೆ ಚಪ್ಪಲಿ, ಬಟ್ಟೆ ಬದಲಿಸದೆ ಅಲ್ಲಿಂದ ಇಲ್ಲಿಗೆ ಓಡಾಡಬೇಡಿ.

ಡಿಸೆಂಬರಿನಲ್ಲಿ ಒಂದು ತಿಂಗಳು ಬೆಂಗಳೂರಿಗೆ ಹೋಗ್ತೀವಿ. ಹಕ್ಕಿ ಯಾರು ನೋಡಿಕೊಳ್ಳೋದು?

ನಮ್ಮವರಿಗೆ ತುಂಬಾ ಬೇಕಾದ ಪ್ರಶ್ನೆ ಇದು. ಲೈಸೆನ್ಸ್ ಇಲ್ಲದವರೂ ನಿಮ್ಮ ಮನೆಯ ಮ್ಯೂಸಿನಲ್ಲೇ ಹಕ್ಕಿಯನ್ನು ಸತತ 45 ದಿನದವರೆಗೆ ನೋಡಿಕೊಳ್ಳಬಹುದು. ಅವರ ಮನೆಗೆ ಒಯ್ಯುವಂತಿಲ್ಲ, ಹಾರಿಸುವಂತಿಲ್ಲ. ಇನ್ನೊಬ್ಬ ಫಾಲ್ಕನರ್ ಆದರೆ ತಮ್ಮ ಮನೆಯಲ್ಲೇ 120 ದಿನದವರೆಗೆ ಇಟ್ಟುಕೊಳ್ಳಬಹುದು, ಅದಕ್ಕೆ ನೀವು ಸಹಿ ಮಾಡಿದ ಪತ್ರ ಅವರ ಬಳಿ ಇರಬೇಕು. ಇವು ಕೇಂದ್ರದ ಮಿತಿಗಳು, ರಾಜ್ಯದ್ದೂ ನೋಡಿಕೊಳ್ಳಿ.

ಆದರೆ ಡಿಸೆಂಬರ್ ಅಂದರೆ ಬೇಟೆಯ ಸೀಸನ್ನಿನ ನಟ್ಟನಡುವೆ. ತಿಂಗಳುಗಟ್ಟಲೆ ಹಾರದೆ ಕೂತ ಹಕ್ಕಿಯ ಮೈ ಸಡಿಲವಾಗುತ್ತದೆ, ಮತ್ತೆ ತಯಾರು ಮಾಡಬೇಕು. ನಾವು ಊರಿಗೆ ಹೋಗುವುದನ್ನು ಬೇಸಿಗೆಗೆ ಬದಲಿಸಿಕೊಂಡೆವು. ಆಗ ಹಕ್ಕಿ ಗರಿ ಉದುರಿಸುವ ಕಾಲ, ಹೇಗೂ ಹಾರಿಸುವುದಿಲ್ಲ.

ಮನೆ ಬದಲಿಸಿದರೆ?

ಹಕ್ಕಿಯ ಜಾಗ ಬದಲಾದ ಐದು ಕೆಲಸದ ದಿನದೊಳಗೆ ರಾಜ್ಯಕ್ಕೆ ತಿಳಿಸಬೇಕು. ಹೊಸ ಊರಿನ ಕೋಡು ಓದದೆ ಮನೆಗೆ ಅಡ್ವಾನ್ಸ್ ಕೊಡಬೇಡಿ.

ಕರ್ನಾಟಕದಲ್ಲಿ ಸಾಕಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಫಾಲ್ಕನ್ರಿಗೆ ಲೈಸೆನ್ಸ್ ಅನ್ನುವುದೇ ಇಲ್ಲ. ಬಲೆ ಹಾಕಿ ಹಿಡಿಯುವುದನ್ನೂ ಕಾಯ್ದೆ ಬೇಟೆ ಅಂತಲೇ ಕರೆಯುತ್ತದೆ. ಪೆರೆಗ್ರಿನ್, ಶಾಹೀನ್‌ನಂಥ ಡೇಗೆಗಳು ಮೊದಲ ಪಟ್ಟಿಯಲ್ಲಿವೆ. ಈ ಪಟ್ಟಿಯ ಹಕ್ಕಿಯನ್ನು ಹಿಡಿದರೆ 3ರಿಂದ 7 ವರ್ಷ ಜೈಲು, ಜೊತೆಗೆ 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 25,000 ರೂಪಾಯಿ ದಂಡ. ಅಮೆರಿಕದ ಲೈಸೆನ್ಸ್ ತೋರಿಸಿದರೆ ಅಲ್ಲಿ ನಡೆಯುವುದಿಲ್ಲ.

ಒಂದು ಕಾಲದಲ್ಲಿ ನಮ್ಮ ನೆಲದಲ್ಲೂ ಇದು ದೊಡ್ಡ ವಿದ್ಯೆಯಾಗಿತ್ತು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ನಡುವೆ ಶ್ಯೇನ ವಿನೋದ, ಅಂದರೆ ಡೇಗೆಯ ಬೇಟೆಯೂ ಇದೆ. ಅದು ಇತಿಹಾಸ. ಇವತ್ತಿನ ಕಾನೂನು ಸ್ಪಷ್ಟವಾಗಿದೆ, ಹಕ್ಕಿಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಅದು ಸರಿಯಾಗಿಯೂ ಇದೆ.

ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ಹದ್ದೋ ಗರುಡವೋ ನಿಮ್ಮ ತಾರಸಿ ಮೇಲೆ ಬಿದ್ದರೆ ಮನೆಯಲ್ಲೇ ಇಟ್ಟು ಸಾಕಲು ಹೋಗಬೇಡಿ. ಹಾಲು, ಅನ್ನ ಕೊಡಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಬೆಂಗಳೂರಿನಲ್ಲಾದರೆ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆಯವರು ಇಂಥ ಹಕ್ಕಿಗಳಿಗೆ ಚಿಕಿತ್ಸೆ ಕೊಡುತ್ತಾರೆ.

ದುಬೈ, ಇಂಗ್ಲೆಂಡ್‌ನಲ್ಲಿ ಹೇಗೆ?

ಎಮಿರೇಟ್ಸ್‌ನಲ್ಲಿ ಡೇಗೆಗೆ ಪಾಸ್‌ಪೋರ್ಟೇ ಇದೆ, ಅದರದ್ದೇ ಆಸ್ಪತ್ರೆ ಅಬುಧಾಬಿಯಲ್ಲಿ 1999ರಿಂದ ನಡೆಯುತ್ತಿದೆ. ಇಂಗ್ಲೆಂಡಿನಲ್ಲಿ ಸಾಕಾಣಿಕೆಯಲ್ಲೇ ಹುಟ್ಟಿದ ಹಕ್ಕಿ ಇಟ್ಟುಕೊಳ್ಳಲು ಅಮೆರಿಕದ ಹಾಗೆ ಪರೀಕ್ಷೆ, ಗುರು ಅಂತ ಕಡ್ಡಾಯವಿಲ್ಲ. ಯಾರು ಬೇಕಾದರೂ ಕೊಂಡು ತರಬಹುದು ಅನ್ನುವುದು ನನಗೆ ಹಿಡಿಸುವುದಿಲ್ಲ.

ಹಕ್ಕಿ ತಪ್ಪಿಸಿಕೊಂಡು ಬಡಾವಣೆಯೊಳಗೆ ಹೋದರೆ?

ಹಾರಿಸುವಾಗ ಯಾವಾಗಲೂ ಟ್ರಾನ್ಸ್‌ಮಿಟರ್ ಹಾಕಿರಿ. ಎರಡು ಜಾತಿ ಕೂಡಿಸಿದ ಹಕ್ಕಿಗೆ ಎರಡು ಟ್ರಾನ್ಸ್‌ಮಿಟರ್ ಕಡ್ಡಾಯ, ನನ್ನ ಪ್ರಕಾರ ಎಲ್ಲಾ ಹಕ್ಕಿಗೂ ಕನಿಷ್ಠ ಒಂದಾದರೂ ಬೇಕು. ತಪ್ಪಿಸಿಕೊಂಡ ನಿಮ್ಮ ಹಕ್ಕಿಯನ್ನು ಯಾವಾಗ ಬೇಕಾದರೂ ಹಿಡಿದು ತರಬಹುದು, ಸೀಸನ್ನಿನ ಅಡ್ಡಿ ಇಲ್ಲ. ಆದರೆ ಬೇರೆಯವರ ಹಿತ್ತಲಿಗೆ ಹೋಗಲು ಅವರ ಒಪ್ಪಿಗೆ ಬೇಕು. ಬೇಲಿ ಹಾರಬೇಡಿ, ಮುಂಬಾಗಿಲಿಗೆ ಹೋಗಿ ಬೆಲ್ ಮಾಡಿ. ಕೈಗೆ ಚರ್ಮದ ಗ್ಲೌಸು ಹಾಕಿಕೊಂಡೇ ಹೋದರೆ ಜಾಸ್ತಿ ವಿವರಿಸಬೇಕಾಗುವುದಿಲ್ಲ. ಅನಿಮಲ್ ಕಂಟ್ರೋಲಿಗೂ ಒಂದು ಮಾತು ತಿಳಿಸಿ, ಕಾಲಲ್ಲಿ ಚರ್ಮದ ಪಟ್ಟಿ ಇರುವ ಗಿಡುಗ ಯಾರಿಗಾದರೂ ಕಂಡರೆ ಫೋನ್ ಅಲ್ಲಿಗೇ ಹೋಗುತ್ತದೆ. ಹುಡುಕುವುದಕ್ಕೆ ಮುಂಜಾನೆ ಒಳ್ಳೆಯ ಹೊತ್ತು. ರಾತ್ರಿ ಕೂತ ಮರದಿಂದ ಅದು ಇನ್ನೂ ಎದ್ದಿರುವುದಿಲ್ಲ, ಹೊಟ್ಟೆಯೂ ಹಸಿದಿರುತ್ತದೆ. 30 ದಿನವಾದರೂ ಸಿಗದಿದ್ದರೆ ಕಳೆದುಹೋಗಿದೆ ಅಂತ ಸರ್ಕಾರಕ್ಕೆ ವರದಿ ಮಾಡಿ.